ನೆತ್ತರು ಕೊಡಲು ನೂರು ನೆಪ

ಕಾಪು ತಾಲ್ಲೂಕಿನ ಶಿರ್ವ ದಾನಕ್ಕೆ ಹಿಂಜರಿಯುವ ಊರಲ್ಲ. ದೇವಸ್ಥಾನದ ಉತ್ಸವ ಬಂತೆಂದರೆ ಅಕ್ಕಿ, ತೆಂಗಿನಕಾಯಿ, ತರಕಾರಿಗಳ ಹೊರೆಕಾಣಿಕೆ ಮೆರವಣಿಗೆಯಲ್ಲಿ ಹೊರಡುತ್ತದೆ. ಆರೋಗ್ಯ ಮಾತೆಯ ಇಗರ್ಜಿಯ ಹಬ್ಬಕ್ಕೆ ಮುಂಬಯಿಯಿಂದಲೂ ಕೊಲ್ಲಿ ನಾಡುಗಳಿಂದಲೂ ಹಣ ಹರಿದು ಬರುತ್ತದೆ. ಶಾಲೆಗೊಂದು ಕೊಠಡಿ ಬೇಕೆಂದರೆ, ಬಡವರ ಮನೆಯ ಹುಡುಗಿಗೆ ಮದುವೆಯೆಂದರೆ, ಹರಕೆಯ ಬಯಲಾಟವೆಂದರೆ, ಕೈ ಹಿಂದೆಗೆಯುವವರು ಕಡಿಮೆ. ಇಂಥ ಊರಿನ ಮಂಚಕಲ್ಲಿನ ಬಸ್ ನಿಲ್ದಾಣದಲ್ಲಿ ವರ್ಷಕ್ಕೆ ಕೆಲವು ಸಲ ಇನ್ನೊಂದು ಬಗೆಯ ದಾನವನ್ನು ಬೇಡುವ ಕಾಗದ ಅಂಟಿಸಿದಾಗ ಮಾತ್ರ ಕಾಣುವ ನೋಟವೇ ಬೇರೆ. ಜನ ಹತ್ತಿರ ಬಂದು ಓದುತ್ತಾರೆ. ದಿನಾಂಕ ಓದುತ್ತಾರೆ, ಸ್ಥಳ ಓದುತ್ತಾರೆ, ಮುಖ್ಯ ಅತಿಥಿಗಳ ಹೆಸರನ್ನಂತೂ ಕಡೆಯ ಅಕ್ಷರದವರೆಗೆ ಓದುತ್ತಾರೆ. ಓದಿ, ಕಾರ್ಕಳದ ಬಸ್ಸು ಬಂತೇ ಎಂದು ರಸ್ತೆಯ ಕಡೆ ನೋಡುತ್ತಾರೆ.

ಇದು ಶಿರ್ವವೊಂದರ ಸಂಗತಿಯಲ್ಲ. ಹಣ ಕೊಟ್ಟರೆ ಮತ್ತೆ ಸಂಪಾದಿಸಬಹುದು, ಅಕ್ಕಿ ಕೊಟ್ಟರೆ ಮತ್ತೆ ಬೆಳೆಯಬಹುದು, ರಕ್ತ ಕೊಟ್ಟರೆ ಹೋಯಿತು ಎಂಬ ಭಾವನೆ ಎಲ್ಲ ಊರುಗಳಲ್ಲಿಯೂ ಇದೆ. ತುಳುವಿನಲ್ಲಿ ಅದು ನೆತ್ತೆರ್, ಕೊಂಕಣಿಯಲ್ಲಿ ರಗತ್, ಕನ್ನಡದಲ್ಲಿ ನೆತ್ತರು. ಹೆಸರು ಯಾವುದಾದರೂ ಅಂಜಿಕೆ ಒಂದೇ.

ಶಿರ್ವದ ಸುತ್ತಮುತ್ತ, ಶಂಕರಪುರ, ಬಂಟಕಲ್ಲು, ಬೆಳ್ಳೆಯ ಕಡೆ ಮನೆಯಂಗಳದಲ್ಲಿ ಮಲ್ಲಿಗೆ ಬೆಳೆಯುವವರಿಗೆ ರಕ್ತನಿಧಿಯ ವ್ಯವಹಾರವನ್ನು ವಿವರಿಸುವುದು ಕಷ್ಟವಲ್ಲ. ಬೆಳಗಿನ ಜಾವದಲ್ಲಿ ಕೊಯ್ದ ಮೊಗ್ಗನ್ನು ಕಟ್ಟಿ ಅಂದೇ ಅಟ್ಟೆ ಮಾಡಿ ಮಾರಬೇಕು. ನಾಳೆಗೆಂದು ಇಟ್ಟ ಹೂವಿಗೆ ಬೆಲೆಯಿಲ್ಲ. ಮದುವೆಯ ಋತುವಿನಲ್ಲಿ ಎಷ್ಟಿದ್ದರೂ ಸಾಲದು. ರಕ್ತವೂ ಹಾಗೆಯೇ. ಕೆಂಪು ಕಣಗಳನ್ನು ಶೀತಕದಲ್ಲಿಟ್ಟರೆ 35 ದಿನ, ಚೀಲದಲ್ಲಿ ವಿಶೇಷ ಪೋಷಕ ದ್ರಾವಣವಿದ್ದರೆ 42 ದಿನ ಬಾಳುತ್ತವೆ. ಡೆಂಗಿ ಜ್ವರದ ಕಾಲದಲ್ಲಿ ಎಲ್ಲರ ಬಾಯಿಯಲ್ಲಿ ಕೇಳಿಬರುವ ಪ್ಲೇಟ್‌ಲೆಟ್‌ಗಳಿಗೆ ಐದೇ ದಿನದ ಆಯುಷ್ಯ; ಆ ಐದು ದಿನವೂ ಅವನ್ನು ಯಂತ್ರದಲ್ಲಿ ಮೆಲ್ಲಗೆ ತೂಗುತ್ತಲೇ ಇರಬೇಕು. ಹೆಪ್ಪುಗಟ್ಟಿಸಿದ ಪ್ಲಾಸ್ಮ ಒಂದೇ ವರ್ಷದವರೆಗೆ ಉಳಿಯುತ್ತದೆ. ಇವುಗಳಿಗೆ ಬದಲಾಗಿ ನಿಲ್ಲುವ ವಸ್ತುವನ್ನು ಯಾವ ಕಾರ್ಖಾನೆಯೂ ಇದುವರೆಗೆ ಮಾಡಿ ಮಾರುಕಟ್ಟೆಗೆ ತುಂಬಿಲ್ಲ. ಮನುಷ್ಯನ ರಕ್ತ ಬೇಕೆಂದರೆ ಮನುಷ್ಯನೇ ಕೊಡಬೇಕು. ಅದೂ ನಿನ್ನೆ ಮೊನ್ನೆ ಕೊಟ್ಟಿರಬೇಕು.

ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೂ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೂ ಈ ಸೀಮೆಯ ರೋಗಿಗಳಷ್ಟೇ ಅಲ್ಲ, ಘಟ್ಟದ ಮೇಲಿನವರೂ ಬರುತ್ತಾರೆ. ಶಿಬಿರಗಳಲ್ಲಿ ರಕ್ತ ಕೊಡುವವರಲ್ಲಿ ದೊಡ್ಡ ಪಾಲು ಕಾಲೇಜಿನ ಹುಡುಗರದು. ಮಣಿಪಾಲ, ಬಂಟಕಲ್ಲು, ನಿಟ್ಟೆ ಎಂದು ಈ ಜಿಲ್ಲೆಯಲ್ಲಿ ವಿದ್ಯಾರ್ಥಿಗಳಿಗೇನೂ ಬರವಿಲ್ಲ. ಆದರೆ ಪರೀಕ್ಷೆ ಬಂದಾಗ ಅವರು ಪುಸ್ತಕ ಹಿಡಿಯುತ್ತಾರೆ, ರಜೆ ಬಂದಾಗ ರೈಲು ಹಿಡಿಯುತ್ತಾರೆ. ಏಪ್ರಿಲ್ ಮೇ ತಿಂಗಳಲ್ಲಿ ಬಾವಿಗಳಂತೆಯೇ ರಕ್ತನಿಧಿಗಳೂ ತಳ ಕಾಣತೊಡಗುತ್ತವೆ. ರಸ್ತೆಯ ಅಪಘಾತಗಳಿಗೆ ರಜೆಯಿಲ್ಲ, ಹೆರಿಗೆಗಳಿಗೂ ಇಲ್ಲ.

ಹೆರಿಗೆಯ ಮಾತು ಬಂದುದರಿಂದ ಹೇಳಬೇಕು. ಮಗು ಹುಟ್ಟಿತು, ಗಂಡೋ ಹೆಣ್ಣೋ ಎಂದು ಹೊರಗೆ ಕುಳಿತವರು ಫೋನಿನಲ್ಲಿ ತಿಳಿಸುತ್ತಿರುವಾಗಲೇ ಒಳಗೆ ತಾಯಿಗೆ ರಕ್ತಸ್ರಾವ ನಿಲ್ಲದೆ ಹೋಗುವುದುಂಟು. ಅಂಥ ಸಮಯದಲ್ಲಿ ವೈದ್ಯರಿಗೆ ಇರುವ ಅವಧಿ ಗಂಟೆಗಳ ಲೆಕ್ಕದ್ದು, ಕೆಲವೊಮ್ಮೆ ನಿಮಿಷಗಳದು. ದಾದಿ ಹೊರಗೆ ಬಂದು “ನಿಮ್ಮ ಕಡೆಯವರು ಯಾರಾದರೂ ರಕ್ತ ಕೊಡುತ್ತೀರಾ?” ಎಂದು ಕೇಳಿದಾಗ ಅಷ್ಟು ಹೊತ್ತು ಗಟ್ಟಿಯಾಗಿ ಮಾತಾಡುತ್ತಿದ್ದ ಸಂಸಾರ ಒಮ್ಮೆಗೇ ತಣ್ಣಗಾಗುತ್ತದೆ. ಮಾವನಿಗೆ ಸಕ್ಕರೆ ಕಾಯಿಲೆ. ಭಾವನಿಗೆ ನಾಳೆ ಬೆಳಿಗ್ಗೆ ಮಂಗಳೂರಿಗೆ ಹೋಗಲಿಕ್ಕಿದೆ. ಚಿಕ್ಕಪ್ಪನ ಮಗ ಗಟ್ಟಿಮುಟ್ಟಾಗಿದ್ದಾನೆ, ಆದರೆ ಅವನ ತಾಯಿ ಕಣ್ಣಿನಲ್ಲೇ ಬೇಡವೆನ್ನುತ್ತಾಳೆ. “ಕೊಡಬಹುದಿತ್ತು ಮಾರಾಯ್ರೆ, ನನಗೆ ಮೊದಲೇ ರಕ್ತ ಕಡಿಮೆ” ಎಂದು ಎಂಬತ್ತು ಕಿಲೋ ತೂಗುವ ನೆಂಟರು ಸಹ ಹೇಳಿಬಿಡುತ್ತಾರೆ. ಇವರಾರೂ ಕಟುಕರಲ್ಲ, ಒಳಗಿರುವವಳ ಮೇಲೆ ಪ್ರೀತಿಯಿಲ್ಲದವರೂ ಅಲ್ಲ. ಎಂದೂ ಯೋಚಿಸದ ಪ್ರಶ್ನೆಯೊಂದು ಆಸ್ಪತ್ರೆಯ ಮೊಗಸಾಲೆಯಲ್ಲಿ ಹಠಾತ್ತನೆ ಎದುರಾದಾಗ ಬಾಲ್ಯದಲ್ಲಿ ಕೇಳಿದ ಭಯವೇ ಮೊದಲು ಉತ್ತರ ಕೊಡುತ್ತದೆ.

ಹಾಗಾದರೆ ಆ ಭಯಗಳಲ್ಲಿ ಹುರುಳೆಷ್ಟು?

ಮೊದಲನೆಯದು ನಿಶ್ಶಕ್ತಿಯ ಭಯ. ಬೆಳೆದ ಮನುಷ್ಯನ ಮೈಯಲ್ಲಿ, ಅವನ ತೂಕಕ್ಕೆ ತಕ್ಕಂತೆ, ಸುಮಾರು ಐದು ಲೀಟರು ರಕ್ತವಿರುತ್ತದೆ. ಭಾರತದ ನಿಯಮದಂತೆ 45 ಕಿಲೋಗಿಂತ ಕಡಿಮೆ ತೂಕವಿರುವವರಿಂದ ರಕ್ತ ಪಡೆಯುವಂತೆಯೇ ಇಲ್ಲ. ಅದಕ್ಕೆ ಮೇಲ್ಪಟ್ಟವರಿಂದ ಪಡೆಯುವುದು 350 ಮಿಲಿಲೀಟರು; 55 ಕಿಲೋಗೆ ಮೀರಿದವರಾದರೆ 450 ಮಿಲಿಲೀಟರಿನವರೆಗೆ. ಎರಡು ಲೋಟ ಮಜ್ಜಿಗೆಯಷ್ಟು ಎಂದುಕೊಂಡರೆ ತಪ್ಪಾಗದು. ಕಳೆದುಹೋದ ದ್ರವದ ಭಾಗ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಕೆಂಪು ಕಣಗಳು ಹಿಂದಿನ ಸಂಖ್ಯೆಗೆ ಬರಲು ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ಗಂಡಸರು ಮತ್ತೊಮ್ಮೆ ಕೊಡಬೇಕಾದರೆ 90 ದಿನ, ಹೆಂಗಸರು 120 ದಿನ ಕಳೆದಿರಬೇಕೆಂದು ನಿಯಮ ಮಾಡಿರುವುದು ಈ ಲೆಕ್ಕವನ್ನು ನೋಡಿಯೇ. ಕೊಡದೆ ಉಳಿಸಿಕೊಂಡರೂ ಆ ಕಣಗಳು ಶಾಶ್ವತವಲ್ಲ. ಪ್ರತಿಯೊಂದು ಕೆಂಪು ಕಣವೂ ಸುಮಾರು 120 ದಿನ ಬಾಳಿ ಸಾಯುತ್ತದೆ, ಮೂಳೆಯ ಮಜ್ಜೆ ಹೊಸದನ್ನು ಹುಟ್ಟಿಸುತ್ತದೆ. ಬಾವಿಯಿಂದ ನಾಲ್ಕು ಕೊಡ ನೀರು ಸೇದಿದ ಮಾತ್ರಕ್ಕೆ ಒರತೆ ಬತ್ತಿತೆಂದು ಕರಾವಳಿಯ ಯಾವ ಗೃಹಿಣಿಯೂ ಅಳುವುದಿಲ್ಲ.

ಆದರೆ ಒರತೆಯೇ ಸೊರಗಿದ ಬಾವಿಯಿಂದ ಸೇದಬಾರದು. ಭಯವನ್ನು ಹೋಗಲಾಡಿಸುವ ಉತ್ಸಾಹದಲ್ಲಿ ಭಾಷಣಕಾರರು ಈ ಮಾತನ್ನು ಬಿಟ್ಟುಬಿಡುವುದುಂಟು. ರಕ್ತ ಕೊಡುವವರಲ್ಲಿ ಹಿಮೋಗ್ಲೋಬಿನ್ ಪ್ರಮಾಣ ಕನಿಷ್ಠ 12.5 ಗ್ರಾಮು ಇರಬೇಕು. ಶಿಬಿರಕ್ಕೆ ಉತ್ಸಾಹದಿಂದ ಬಂದ ಕಾಲೇಜಿನ ಹುಡುಗಿಯರಲ್ಲಿ ಅನೇಕರು ಬೆರಳ ತುದಿಯ ಪರೀಕ್ಷೆಯಲ್ಲಿಯೇ ಹಿಂದಿರುಗಬೇಕಾಗುತ್ತದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಇದು ಹಳ್ಳಿಯ ಬಡವರ ಮನೆಯದಷ್ಟೇ ವಿಚಾರವೆಂದು ಪಟ್ಟಣದ ಸಂಸಾರಸ್ಥರು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಎಲ್ಲರಿಗೂ ಬಡಿಸಿ, ಉಳಿದುದನ್ನು ಉಂಡು, ಊಟದ ಬೆನ್ನಿಗೇ ಒಂದು ಲೋಟ ಬಿಸಿ ಚಹ ಕುಡಿದು ಮುಗಿಸುವ ತಾಯಂದಿರು ಎಲ್ಲ ಬೀದಿಗಳಲ್ಲಿಯೂ ಇದ್ದಾರೆ. ಊಟದೊಂದಿಗೆ ಕುಡಿದ ಚಹವು ಅನ್ನದಲ್ಲಿಯೂ ಸೊಪ್ಪಿನಲ್ಲಿಯೂ ಇರುವ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಅದೇ ಊಟಕ್ಕೆ ಲಿಂಬೆಯನ್ನೋ ನೆಲ್ಲಿಕಾಯಿಯನ್ನೋ ಸೇರಿಸಿದರೆ ಹೆಚ್ಚು ಹತ್ತುತ್ತದೆ. ಹುರುಳಿ, ಹರಿವೆ, ಬಸಳೆ, ರಾಗಿ ಇವೆಲ್ಲ ಈ ನಾಡಿನ ಅಡುಗೆಮನೆಗೆ ಹೊಸವಲ್ಲ. ಕೊರತೆ ಹೆಚ್ಚಾಗಿದ್ದರೆ ಸೊಪ್ಪಿನಿಂದ ಸಾಲದು. ವೈದ್ಯರು ಕೊಡುವ ಕಬ್ಬಿಣದ ಮಾತ್ರೆ ಬೇಕು.

ಆದುದರಿಂದ ಶಿಬಿರದಿಂದ ಹಿಂದಿರುಗಿದ ಮಗಳನ್ನು “ನಿನ್ನ ರಕ್ತ ಬೇಡವೆಂದರಂತೆ” ಎಂದು ಅಣ್ಣತಮ್ಮಂದಿರು ಹಾಸ್ಯ ಮಾಡುವುದಕ್ಕಿಂತ, ಆಕೆಯನ್ನೂ ಆಕೆಯ ತಾಯಿಯನ್ನೂ ಜೊತೆಯಲ್ಲಿ ಪರೀಕ್ಷೆಗೆ ಕರೆದೊಯ್ಯುವುದು ಮೇಲು. ನಾಳೆ ಅವಳೇ ಬಾಣಂತಿಯಾಗಿ ಮಲಗುವಾಗ, ಮೊದಲೇ ರಕ್ತ ತುಂಬಿಕೊಂಡಿದ್ದವಳು ತಡೆದುಕೊಳ್ಳುವ ಸ್ರಾವವನ್ನು ರಕ್ತಹೀನೆ ತಡೆದುಕೊಳ್ಳಲಾರಳು. ಗರ್ಭಿಣಿಯರು, ಎಳೆಗೂಸಿಗೆ ಹಾಲೂಡುವವರು, ಹೆರಿಗೆಯಾಗಿ ವರ್ಷ ತುಂಬದವರು ರಕ್ತ ಕೊಡಬಾರದು. ಮಿಕ್ಕ ಆರೋಗ್ಯವಂತ ಹೆಂಗಸರಿಗೆ ಅಡ್ಡಿಯೇನೂ ಇಲ್ಲ.

ಸಕ್ಕರೆ ಕಾಯಿಲೆಯ ಮಾವನವರ ವಿಷಯವೂ ಇಲ್ಲಿ ಇತ್ಯರ್ಥವಾಗಲಿ. ಪಥ್ಯದಿಂದಲೋ ಮಾತ್ರೆಯಿಂದಲೋ ಸಕ್ಕರೆ ಹತೋಟಿಯಲ್ಲಿರುವವರು, ಬೇರೆ ತೊಂದರೆಯಿಲ್ಲದಿದ್ದರೆ, ವೈದ್ಯರು ನೋಡಿ ಒಪ್ಪಿದ ಮೇಲೆ ಕೊಡಬಹುದು; ಇನ್ಸುಲಿನ್ ಚುಚ್ಚಿಕೊಳ್ಳುವವರು ಕೊಡಬಾರದು. ವಯಸ್ಸು 18ರಿಂದ 65ರೊಳಗಿರಬೇಕು. ಮೊದಲ ಬಾರಿಗೆ ಕೊಡುವವರಿಗೆ 60 ಮೀರಿರಬಾರದು. ಮಾವನವರು ಮೊದಲು ವಯಸ್ಸು ಹೇಳಲಿ.

ಇನ್ನು ಸೂಜಿ. ಗದ್ದೆಯಲ್ಲಿ ಹಾವು ಕಂಡರೆ ಹೆದರದ, ಕಡಲಿನ ಅಬ್ಬರದಲ್ಲಿ ದೋಣಿ ನಡೆಸುವ ಗಂಡಸರೂ ಸೂಜಿಯ ಮುಂದೆ ಮುಖ ತಿರುಗಿಸುತ್ತಾರೆ. ಇದಕ್ಕಾಗಿ ನಾಚಬೇಕಾದುದಿಲ್ಲ. ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ಎಂಬವರ ವೃತ್ತಾಂತವನ್ನು ಕೇಳಬೇಕು. 1936ರಲ್ಲಿ ಹುಟ್ಟಿದ ಈತನಿಗೆ 14ನೆಯ ವಯಸ್ಸಿನಲ್ಲಿ ಎದೆಯ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಅನೇಕ ಅಪರಿಚಿತರ ರಕ್ತದಿಂದ ಹುಡುಗ ಬದುಕಿಕೊಂಡ. ತನಗೆ ವಯಸ್ಸಾದೊಡನೆ ತಾನೂ ಕೊಡುವೆನೆಂದು ನಿಶ್ಚಯಿಸಿ 1954ರಲ್ಲಿ ಆರಂಭಿಸಿದ. ಆತನ ರಕ್ತದಲ್ಲಿ ಅಪೂರ್ವವಾದ ಒಂದು ಪ್ರತಿಕಾಯವಿರುವುದು ಬಳಿಕ ತಿಳಿದುಬಂತು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್, ಹೊಟ್ಟೆಯ ಮಗುವಿನದು ಪಾಸಿಟಿವ್ ಆದಾಗ ತಾಯಿಯ ಮೈ ಮಗುವಿನ ರಕ್ತಕಣಗಳ ಮೇಲೆಯೇ ಯುದ್ಧ ಹೂಡುವುದುಂಟು. ಅದನ್ನು ತಡೆಯುವ ಚುಚ್ಚುಮದ್ದನ್ನು ಆತನ ಪ್ಲಾಸ್ಮದಿಂದ ತಯಾರಿಸಿದರು. 2018ರಲ್ಲಿ, 81ನೆಯ ವಯಸ್ಸಿನಲ್ಲಿ, ವಯಸ್ಸಿನ ನಿಯಮ ಅಡ್ಡ ಬಂದು ನಿಲ್ಲಿಸುವವರೆಗೆ ಆತ ಕೊಟ್ಟದ್ದು 1,173 ಸಲ. ಸುಮಾರು 24 ಲಕ್ಷ ಶಿಶುಗಳಿಗೆ ಅದರಿಂದ ರಕ್ಷಣೆ ದೊರೆಯಿತೆಂದು ಆ ದೇಶದ ಲೆಕ್ಕ. 2025ರ ಫೆಬ್ರುವರಿಯಲ್ಲಿ ತೀರಿಕೊಂಡ ಈ ಮಹಾನುಭಾವನಿಗೆ ಸೂಜಿಯೆಂದರೆ ಆಗುತ್ತಿರಲಿಲ್ಲ. 1,173 ಸಲದಲ್ಲಿ ಒಂದು ಸಲವೂ ಸೂಜಿ ಒಳಹೋಗುವುದನ್ನು ಆತ ನೋಡಿದವನಲ್ಲ. ಚಾವಣಿ ನೋಡುತ್ತಿದ್ದ, ದಾದಿಯರೊಡನೆ ಹರಟುತ್ತಿದ್ದ. ಭಯ ಹೋದ ಮೇಲೆ ಕೊಡೋಣವೆಂದು ಕುಳಿತಿದ್ದರೆ ಆತ ಇನ್ನೂ ಕುಳಿತೇ ಇರಬೇಕಾಗಿತ್ತು.

ತಲೆ ಸುತ್ತಿ ಬೀಳುವುದು ಸುಳ್ಳಲ್ಲ. ನೂರರಲ್ಲಿ ಕೆಲವರಿಗೆ, ಅದರಲ್ಲಿಯೂ ಮೊದಲ ಬಾರಿ ಕೊಡುವ ಎಳೆಯರಿಗೆ ಹಾಗಾಗುತ್ತದೆ. ಎಷ್ಟೋ ಸಲ ಅದಕ್ಕೆ ಕಾರಣ ಹೋದ ರಕ್ತವಲ್ಲ, ಬಂದ ಭಯ: ಹೃದಯದ ಬಡಿತ ಒಮ್ಮೆಗೆ ನಿಧಾನವಾಗುತ್ತದೆ, ರಕ್ತದ ಒತ್ತಡ ಇಳಿಯುತ್ತದೆ, ಕಣ್ಣು ಕತ್ತಲೆಗಟ್ಟುತ್ತದೆ. ಕಾಲು ಮೇಲೆತ್ತಿ ಮಲಗಿಸಿದರೆ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಸರಿಹೋಗುತ್ತದೆ. ಮುಂಚಿತವಾಗಿ ಅರ್ಧ ಲೀಟರು ನೀರು ಕುಡಿದಿರುವುದು, ಮಲಗಿರುವಾಗ ತೊಡೆ ಕಾಲುಗಳ ಸ್ನಾಯುಗಳನ್ನು ಬಿಗಿದು ಸಡಿಲಿಸುತ್ತಿರುವುದು ಒಳ್ಳೆಯ ಉಪಾಯಗಳು. ಹಸಿದ ಹೊಟ್ಟೆಯಲ್ಲಿ ಹೋಗಲೇಬಾರದು. ಉಡುಪಿಯ ಸುತ್ತಿನಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಪುಣ್ಯಕಾರ್ಯವನ್ನು ಉಪವಾಸದ ದಿನವೇ ಮಾಡಬೇಕೆಂಬ ಶ್ರದ್ಧೆಯವರು ಇಲ್ಲಿ ಕಡಿಮೆಯಿಲ್ಲ. ಏಕಾದಶಿಯ ದಿನ ನೀರನ್ನೂ ಮುಟ್ಟದವರು ದ್ವಾದಶಿಯ ಪಾರಣೆ ಮುಗಿಸಿಕೊಂಡು ಬರಲಿ. ರಂಜಾನಿನ ಉಪವಾಸದವರು ಹಬ್ಬ ಕಳೆದು ಬರಲಿ. ರಕ್ತನಿಧಿ ಅಂದಿಗೂ ತೆರೆದೇ ಇರುತ್ತದೆ.

ರೋಗ ತಗಲೀತೆಂಬ ಭಯ ಇವೆಲ್ಲಕ್ಕಿಂತ ಈಚಿನದು. ಕಾರಣವಿಲ್ಲದೆ ಹುಟ್ಟಿದುದೂ ಅಲ್ಲ. ಭಾರತದಲ್ಲಿ ಏಡ್ಸ್ ರೋಗದ ವೈರಾಣು ಮೊದಲು ಕಂಡುಬಂದುದು 1986ರಲ್ಲಿ. ಆ ಕಾಲದಲ್ಲಿ ದೇಶದ ನಗರಗಳಲ್ಲಿ ರಕ್ತ ಮಾರಿ ಜೀವಿಸುವವರೆಂಬ ಒಂದು ವರ್ಗವೇ ಇತ್ತು. ಹಸಿವಿಗೋ ಕುಡಿತಕ್ಕೋ ವಾರ ವಾರವೂ ಕೈ ಚಾಚಿ, ತಮ್ಮ ರೋಗವನ್ನು ಮುಚ್ಚಿಟ್ಟು ಕೊಡುತ್ತಿದ್ದರು. ಕೇಳುವವರೂ ಹೆಚ್ಚು ಕೇಳುತ್ತಿರಲಿಲ್ಲ. 1989ರಲ್ಲಿ ರಕ್ತಕ್ಕೆ ಈ ವೈರಾಣುವಿನ ಪರೀಕ್ಷೆಯನ್ನು ಕಡ್ಡಾಯ ಮಾಡಿದರು. 1996ರ ಜನವರಿ 4ರಂದು ಸರ್ವೋಚ್ಚ ನ್ಯಾಯಾಲಯ ಎರಡು ವರ್ಷದೊಳಗೆ ರಕ್ತದ ಮಾರಾಟಗಾರಿಕೆ ಕೊನೆಯಾಗಬೇಕೆಂದು ತೀರ್ಪಿತ್ತಿತು. 1998ರ ಜನವರಿ 1ರಿಂದ ಹಣ ಕೊಟ್ಟು ರಕ್ತ ಪಡೆಯುವುದು ಕಾನೂನುಬಾಹಿರವಾಯಿತು. ಇಂದು ಪ್ರತಿಯೊಂದು ಚೀಲವನ್ನೂ ಎಚ್‌ಐವಿ, ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯ ಈ ಐದಕ್ಕೆ ಪರೀಕ್ಷಿಸಬೇಕು.

ಆದರೆ ಈ ಅಪಾಯವೆಲ್ಲ ಪಡೆಯುವವನದು ಎಂಬುದನ್ನು ಜನ ಮರೆಯುತ್ತಾರೆ. ಕೊಡುವವನಿಗೆ ಅಪಾಯ ಬರಬೇಕಾದರೆ ಸೂಜಿಯಿಂದ ಬರಬೇಕು. ಆ ಸೂಜಿ ಚೀಲಕ್ಕೆ ಜೋಡಿಸಿಯೇ ಕಾರ್ಖಾನೆಯಿಂದ ಮುಚ್ಚಿದ ಲಕೋಟೆಯಲ್ಲಿ ಬರುತ್ತದೆ, ಒಬ್ಬರಿಗೆ ಬಳಸಿದ ಮೇಲೆ ನಾಶವಾಗುತ್ತದೆ. ಅದೇ ಸೂಜಿಯನ್ನು ಇನ್ನೊಬ್ಬರಿಗೆ ಬಳಸಲು ದಾರಿಯೇ ಇಲ್ಲ. ಅನುಮಾನವಿದ್ದವರು ತಮ್ಮ ಕಣ್ಣೆದುರಿಗೇ ಲಕೋಟೆ ಬಿಚ್ಚುವಂತೆ ಕೇಳಲಿ, ಯಾರೂ ಬೇಸರಿಸುವುದಿಲ್ಲ.

ಪ್ರಶ್ನೆಪತ್ರದಲ್ಲಿ ಕೇಳುವ ಪ್ರಶ್ನೆಗಳಿಗೆ ಸತ್ಯವನ್ನೇ ಬರೆಯಬೇಕಾದುದೂ ಇದಕ್ಕೇ. ಸೋಂಕು ತಗಲಿದ ಮೊದಲ ಕೆಲವು ದಿನಗಳಲ್ಲಿ ಅತ್ಯುತ್ತಮ ಪರೀಕ್ಷೆಯ ಕಣ್ಣಿಗೂ ಅದು ಬೀಳದಿರಬಹುದು. ಆಗ ರೋಗಿಯನ್ನು ಕಾಯುವುದು ಕೊಟ್ಟವನ ಪ್ರಾಮಾಣಿಕತೆಯೊಂದೇ. ಇತ್ತೀಚೆಗೆ ಹಚ್ಚೆ ಹಾಕಿಸಿಕೊಂಡವರು, ಮಲೇರಿಯ ಬಂದು ಗುಣವಾದವರು, ಮದ್ಯ ಕುಡಿದು ಬಂದವರು ಅದನ್ನು ಹೇಳಿಬಿಟ್ಟರೆ ವೈದ್ಯರು ಕಾಯಬೇಕಾದ ಅವಧಿಯನ್ನು ತಿಳಿಸುತ್ತಾರೆ. ಸ್ನೇಹಿತರೆದುರು ಹೇಳಲು ಸಂಕೋಚವಾದರೆ ಪ್ರತ್ಯೇಕವಾಗಿ ಹೇಳಬಹುದು. ಅದನ್ನು ಗುಟ್ಟಾಗಿಡುವುದು ಅವರ ಧರ್ಮ.

ಎಲ್ಲಕ್ಕಿಂತ ಆಳವಾಗಿ ಬೇರೂರಿರುವುದು ‘ನಮ್ಮ ರಕ್ತ’ ಎಂಬ ಭಾವನೆ. ರಕ್ತದೊಡನೆ ಗುಣವೂ ಹರಿದುಬರುತ್ತದೆಂದು ತಿಳಿದವರು ಶಿರ್ವದಲ್ಲಿ ಮಾತ್ರವಿಲ್ಲ. ಪ್ಯಾರಿಸ್ ಪಟ್ಟಣದ ವಿದ್ವಾಂಸರೂ ಒಂದು ಕಾಲಕ್ಕೆ ಹಾಗೆಯೇ ತಿಳಿದಿದ್ದರು. 1667ರಲ್ಲಿ ಅಲ್ಲಿಯ ವೈದ್ಯ ಜಾನ್ ಬಾಪ್ಟಿಸ್ಟ್ ಡೆನಿ ಹುಚ್ಚು ಕೆರಳಿದ ಒಬ್ಬನಿಗೆ ಕರುವಿನ ರಕ್ತವನ್ನು ಹಾಯಿಸಿದ. ಕರುವಿನ ಸೌಮ್ಯತೆ ರೋಗಿಗೆ ಬಂದೀತೆಂಬುದು ಅವನ ತರ್ಕ! ರೋಗಿ ಕೆಲಕಾಲಕ್ಕೆ ಸತ್ತ. ವಿಚಾರಣೆಯಲ್ಲಿ ಹೆಂಡತಿ ವಿಷವಿಕ್ಕಿದ್ದಳೆಂದು ತೋರಿ ವೈದ್ಯ ಪಾರಾದ. ಆದರೆ ಇಡೀ ಪ್ರಯೋಗವೇ ನಿಷಿದ್ಧವಾಯಿತು. ಲಂಡನ್ನಿನ ಜೇಮ್ಸ್ ಬ್ಲಂಡೆಲ್ 1818ರಲ್ಲಿ ಮನುಷ್ಯನ ರಕ್ತವನ್ನು ಮನುಷ್ಯನಿಗೇ ಕೊಟ್ಟು ನೋಡುವವರೆಗೆ ನೂರೈವತ್ತು ವರ್ಷ ಈ ವಿದ್ಯೆ ನಿದ್ರಿಸಿತು. ಬ್ಲಂಡೆಲ್ ಈ ಸಾಹಸಕ್ಕೆ ಕೈಹಾಕಿದುದಕ್ಕೆ, ಹೆರಿಗೆಯಲ್ಲಿ ರಕ್ತ ಹರಿದು ಸಾಯುತ್ತಿದ್ದ ತಾಯಂದಿರನ್ನು ಕಂಡದ್ದೇ ಪ್ರೇರಣೆ. ಆಗಲೂ ಕೆಲವರು ಬದುಕಿದರು, ಕೆಲವರು ಸತ್ತರು, ಏಕೆಂದು ತಿಳಿಯಲಿಲ್ಲ. ವಿಯೆನ್ನದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ವಿವರಿಸಿದ ಮೇಲೆ ಗಂಟು ಬಿಚ್ಚಿತು. ಜೂನ್ 14, ಅಂದರೆ ಆತನ ಜನ್ಮದಿನವೇ, ಈಗ ವಿಶ್ವ ರಕ್ತದಾನಿಗಳ ದಿನ.

ಲ್ಯಾಂಡ್‌ಸ್ಟೈನರನ ಗುಂಪುಗಳು ಕುಲ ಗೋತ್ರಗಳನ್ನು ಕೇಳುವುದಿಲ್ಲ. ಭಟ್ಟರ ಮನೆಯ ‘ಬಿ’ ರಕ್ತಕ್ಕೂ ಬ್ಯಾರಿಗಳ ಮನೆಯ ‘ಬಿ’ ರಕ್ತಕ್ಕೂ ಸೂಕ್ಷ್ಮದರ್ಶಕದ ಕೆಳಗೆ ವ್ಯತ್ಯಾಸವಿಲ್ಲ. ಸಸ್ಯಾಹಾರಿಯ ರಕ್ತವೇ ಬೇಕೆಂದು ಕೇಳುವವರು ಅಪರೂಪಕ್ಕೆ ಈಗಲೂ ಇದ್ದಾರಂತೆ. ಮೀನು ತಿಂದವನ ನೆತ್ತರಿನಲ್ಲಿ ಮೀನು ಈಜುವುದಿಲ್ಲವೆಂದು ಅವರಿಗೆ ಯಾರಾದರೂ ಹೇಳಬೇಕು.

ಹೊರಗಿನವರ ರಕ್ತಕ್ಕಿಂತ ಮನೆಯವರದೇ ಕ್ಷೇಮವೆಂಬ ನಂಬಿಕೆ ಮೇಲುನೋಟಕ್ಕೆ ಯುಕ್ತವೆನಿಸುತ್ತದೆ. ವೈದ್ಯವಿಜ್ಞಾನ ಹೇಳುವುದು ಇದಕ್ಕೆ ವಿರುದ್ಧ. ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರ ರಕ್ತದಲ್ಲಿರುವ ಕೆಲವು ಬಿಳಿಯ ಕಣಗಳನ್ನು ರೋಗಿಯ ಮೈ ತನ್ನವೇ ಎಂದು ಮೋಸಹೋಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಅವು ಅಲ್ಲಿ ನೆಲೆಯೂರಿ ರೋಗಿಯ ಮೈಯನ್ನೇ ಕೆಡಿಸುವ ಅಪಾಯ, ಬಹಳ ವಿರಳವಾದರೂ, ಘೋರವಾದುದು. ಆದುದರಿಂದ ಇಷ್ಟು ಸಮೀಪದವರ ರಕ್ತವನ್ನು ಕೊಡಬೇಕಾಗಿ ಬಂದರೆ ಮೊದಲು ಅದನ್ನು ವಿಕಿರಣಕ್ಕೆ ಒಡ್ಡುತ್ತಾರೆ. ಮುಂದೆ ಮಕ್ಕಳಾಗಬೇಕಾದ ಹೆಂಡತಿಗೆ ಗಂಡನ ರಕ್ತವನ್ನು ಕೊಡುವುದನ್ನೂ ತಪ್ಪಿಸುತ್ತಾರೆ. ಮುಂದಿನ ಬಸಿರಿನ ಮಗುವಿಗೆ ಅದರಿಂದ ತೊಂದರೆಯಾಗಬಹುದು. ಮೊಗಸಾಲೆಯಲ್ಲಿ ಕುಳಿತ ಗಂಡ ಹಿಂಜರಿಯದೆ ತೋಳು ಮಡಚಿ ಬಂದರೂ, ಅವನ ರಕ್ತ ಬೇರೆಯವರಿಗೆ ಸಲ್ಲಬೇಕು, ಅವನ ಹೆಂಡತಿಗೆ ಬೇರೆಯವರದು ಸಲ್ಲಬೇಕು. ಆ ಬೇರೆಯವರು ಮೊದಲೇ ಕೊಟ್ಟಿಟ್ಟಿರಬೇಕು.

ಒಮ್ಮೊಮ್ಮೆ ರಕ್ತಸಂಬಂಧಿಗಳ ರಕ್ತವೇ ಒಗ್ಗುವುದಿಲ್ಲ. ಕೋಲಾರ ಜಿಲ್ಲೆಯ ಒಬ್ಬ ಮಹಿಳೆಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಾಗಿತ್ತು. ಗುಂಪು ‘ಓ’ ಪಾಸಿಟಿವ್, ಎಲ್ಲರಿಗೂ ಪರಿಚಿತವಾದುದೇ. ಆದರೂ ಸಂಗ್ರಹದಲ್ಲಿದ್ದ ಯಾವ ‘ಓ’ ರಕ್ತವೂ ಆಕೆಯದಕ್ಕೆ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರದವರು ಬಂಧುಗಳಲ್ಲಿ ಇಪ್ಪತ್ತು ಮಂದಿಯ ರಕ್ತ ಪರೀಕ್ಷಿಸಿದರು, ಒಬ್ಬರದೂ ಹೊಂದಲಿಲ್ಲ. ಕಡೆಗೆ ರಕ್ತ ಕೊಡದೆಯೇ ವೈದ್ಯರು ಬಹು ಜಾಗರೂಕತೆಯಿಂದ ಶಸ್ತ್ರಚಿಕಿತ್ಸೆಯನ್ನು ಮುಗಿಸಿದರು. ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಪ್ರಯೋಗಾಲಯಕ್ಕೆ ಹೋಗಿ, ಹತ್ತು ತಿಂಗಳ ಸಂಶೋಧನೆಯಾಗಿ, ಜಗತ್ತಿನಲ್ಲಿ ಅದುವರೆಗೆ ಯಾರೂ ಕಾಣದಿದ್ದ ಗುರುತೊಂದು ಆಕೆಯ ರಕ್ತದಲ್ಲಿದೆಯೆಂದು ಗೊತ್ತಾಯಿತು. 2025ರಲ್ಲಿ ಅದನ್ನು ‘ಕ್ರಿಬ್’ ಎಂದು ಹೆಸರಿಸಿದರು; ಆ ಹೆಸರಿನೊಳಗೆ ಭಾರತದ ಮತ್ತು ಬೆಂಗಳೂರಿನ ಮೊದಲಕ್ಷರಗಳಿವೆ. ಇದಕ್ಕೂ ಮೊದಲು, 1952ರಲ್ಲಿ, ಡಾಕ್ಟರ್ ಭೆಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುರುತಿಸಿದ ‘ಬಾಂಬೆ’ ಗುಂಪು ಪ್ರಸಿದ್ಧವಾದುದು. ಸಾಧಾರಣ ಪರೀಕ್ಷೆಯಲ್ಲಿ ಅದು ‘ಓ’ ಎಂದೇ ತೋರುತ್ತದೆ. ಆದರೆ ಅವರಿಗೆ ಅದೇ ಗುಂಪಿನವರ ರಕ್ತವಲ್ಲದೆ ಮತ್ತಾವುದೂ ಆಗದು. ಹತ್ತು ಸಾವಿರ ಭಾರತೀಯರಲ್ಲಿ ಒಬ್ಬರು ಅಂಥವರಿರಬಹುದೆಂದು ಅಂದಾಜು. ಎಷ್ಟೋ ಮಂದಿಗೆ ತಮ್ಮ ಗುಂಪು ಇದೆಂಬುದು ತಿಳಿದುದೇ ಶಿಬಿರಕ್ಕೆ ಹೋಗಿ ತೋಳು ಚಾಚಿದ ಮೇಲೆ.

“ನಾವು ಪುಕ್ಕಟೆ ಕೊಟ್ಟುದನ್ನು ಆಸ್ಪತ್ರೆಯವರು ಮಾರುತ್ತಾರೆ” ಎಂಬ ಆಕ್ಷೇಪ ಭಯವಲ್ಲ, ಮುನಿಸು. ಅದಕ್ಕೂ ಉತ್ತರ ಕೊಡಬೇಕು. ಚೀಲ, ಐದು ಪರೀಕ್ಷೆ, ಬೇರ್ಪಡಿಸುವ ಯಂತ್ರ, ಹಗಲಿರುಳು ನಡೆಯುವ ಶೀತಕ, ಕೆಲಸಗಾರರ ಸಂಬಳ ಇವಕ್ಕೆ ವೆಚ್ಚವಿದೆ. ಆ ಸಂಸ್ಕರಣದ ವೆಚ್ಚಕ್ಕೆ ಸರ್ಕಾರ ಮಿತಿ ಹಾಕಿದೆ. ರಕ್ತ ಮಾರುವ ವಸ್ತುವಲ್ಲ, ಸಂಸ್ಕರಣದ ಶುಲ್ಕಕ್ಕಿಂತ ಬೇರೆ ಏನನ್ನೂ ವಸೂಲು ಮಾಡಕೂಡದೆಂದು ಔಷಧ ನಿಯಂತ್ರಣದ ಅಧಿಕಾರಿಗಳು ಮತ್ತೆ ಎಚ್ಚರಿಸಬೇಕಾಯಿತು. ಎಚ್ಚರಿಸಬೇಕಾಗಿ ಬಂತೆಂಬುದರಿಂದ ಮುನಿಸು ಪೂರ್ತಿ ಆಧಾರವಿಲ್ಲದ್ದಲ್ಲವೆಂದೂ ತಿಳಿಯುತ್ತದೆ. ಹೆಚ್ಚು ಕೇಳಿದ ಕಡೆ ರಸೀದಿ ಕೇಳಿ ದೂರು ಕೊಡುವುದು ನ್ಯಾಯ. ಅದಕ್ಕಾಗಿ ಕೊಡುವುದನ್ನೇ ನಿಲ್ಲಿಸಿದರೆ ಶಿಕ್ಷೆ ತಲಪುವುದು ಲೆಕ್ಕ ಬರೆಯುವವನಿಗಲ್ಲ, ಹಾಸಿಗೆಯ ಮೇಲಿರುವವಳಿಗೆ.

ಇಷ್ಟೆಲ್ಲ ಚರ್ಚೆಗೆ ಗುರಿಯಾದ ಕೆಲಸಕ್ಕೆ ಹಿಡಿಯುವ ಕಾಲ ಎಷ್ಟು? ಹೆಸರು ಬರೆಸಿ, ತೂಕ ನೋಡಿ, ಬೆರಳು ಚುಚ್ಚಿ, ರಕ್ತದೊತ್ತಡ ಅಳೆದು, ಮಂಚದ ಮೇಲೆ ಮಲಗಿ ಏಳುವವರೆಗೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ರಕ್ತ ಚೀಲಕ್ಕೆ ಇಳಿಯಲು ಹತ್ತು ನಿಮಿಷವೂ ಬೇಡ. ಆಮೇಲೆ ಬಿಸ್ಕತ್ತು, ಹಣ್ಣಿನ ರಸ, ಹದಿನೈದು ನಿಮಿಷ ಸುಮ್ಮನೆ ಕುಳಿತಿರಬೇಕೆಂಬ ಕಟ್ಟಪ್ಪಣೆ. ಆ ದಿನ ಭಾರ ಎತ್ತಬಾರದು, ಹೆಚ್ಚು ನೀರು ಕುಡಿಯಬೇಕು, ಮರುದಿನ ಎಂದಿನ ಕೆಲಸಕ್ಕೆ ಹೋಗಬಹುದು.

ಚೀಲದ ಮೇಲೆ ಕೊಟ್ಟವರ ಹೆಸರಿರುವುದಿಲ್ಲ. ಒಂದು ಸಂಖ್ಯೆ, ದಿನಾಂಕ, ಗುಂಪು ಅಷ್ಟೆ. ಸಂಜೆಯೊಳಗೆ ಅದು ಪೆಟ್ಟಿಗೆಯಲ್ಲಿ ರಕ್ತನಿಧಿಯ ವಾಹನವೇರಿ, ಬಂಟಕಲ್ಲಿನ ರಸ್ತೆಯಲ್ಲಿ ಮಲ್ಲಿಗೆಯ ತೋಟಗಳನ್ನು ದಾಟಿ ಆಸ್ಪತ್ರೆ ಸೇರಬೇಕು, ಏಕೆಂದರೆ ಪ್ಲೇಟ್‌ಲೆಟ್ ಬೇರ್ಪಡಿಸಲು ಇರುವ ಅವಧಿ ಆರರಿಂದ ಎಂಟು ಗಂಟೆ. ಯಂತ್ರದಲ್ಲಿ ತಿರುಗಿ ಒಂದು ಚೀಲ ಎರಡೋ ಮೂರೋ ಆಗುತ್ತದೆ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಕೆಂಪು ಚೀಲ ಶೀತಕದ ಕಪಾಟಿನಲ್ಲಿ ತನ್ನ ಗುಂಪಿನ ಸಾಲಿಗೆ ಸೇರುತ್ತದೆ. ರಾತ್ರಿ ಹೆರಿಗೆಯ ಕೋಣೆಯಿಂದ ಫೋನು ಬಂದರೆ, ತೆಗೆಯುವವರು ನೋಡುವುದು ಆ ಸಾಲನ್ನು.